ಪಾಳುನೆಲೆಯ ನಾದವೂ ಚೌಡಿಕೆಯ ನಾದವೂ

ಪಾಶ್ಚಾತ್ಯ ಸಂಗೀತದಲ್ಲಿ ಸುಮಾರು ಅರ್ಧ ಶತಮಾನದಿಂದ ಒಂದು ಹೊಸ ಪದ್ಧತಿಯು ಬೆಳೆದುಬಂದಿದೆ. ಯಂತ್ರಗಳು ನಿಂತುಹೋದ ಕಾರ್ಖಾನೆ, ಬತ್ತಿದ ನೀರಿನ ತೊಟ್ಟಿ, ಬರಿದಾದ ಗಣಿ ಮೊದಲಾದ ಸ್ಥಳಗಳನ್ನು ಹೊಕ್ಕು, ಅಲ್ಲಿಯ ಮಾರ್ದನಿಯನ್ನೇ ಆಧಾರವಾಗಿ ಹಿಡಿದು, ನಾದವನ್ನು ಎಡೆಬಿಡದೆ ಹರಡುವುದು ಇದರ ಕ್ರಮವು. ಇದರದೊಂದು ಶಾಖೆಯವರು ತಮ್ಮ ಕೃತಿಗಳನ್ನು ಧಾರ್ಮಿಕ ವಿಧಿಯೆಂದೇ ಕರೆದುಕೊಳ್ಳುತ್ತಾರೆ. ಈ ಹೆಸರು ಅವಕ್ಕೆ ಸಲ್ಲುವುದೋ ಎಂಬುದು ವಿಚಾರಣೀಯವು. ಅದಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಚೌಡಿಕೆಯ ಪದಗಳಿಗಿಂತ ತಕ್ಕ ಒರೆಗಲ್ಲು ಬೇರೆ ದೊರೆಯದು.

ಥ್ರಾಬಿಂಗ್ ಗ್ರಿಸಲ್ ಎಂಬ ಮೇಳವು ೧೯೭೬ರಲ್ಲಿ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ಸ್ಥಾಪಿಸಿತು. ಲಂಡನ್ನಿನ ಹ್ಯಾಕ್ನಿಯ ಹಳೆಯ ಕಾರ್ಖಾನೆಯ ಕಟ್ಟಡವೇ ಅದರ ನೆಲೆಯಾಗಿತ್ತು. ೧೯೭೮ರಲ್ಲಿ ಬ್ರಯನ್ ಈನೋ ಎಂಬವನು ವಿಮಾನನಿಲ್ದಾಣಗಳಿಗಾಗಿ ರಚಿಸಿದ ಕೃತಿಯು ಪರಿಸರದಂತೆ ಸುತ್ತಲೂ ಇರುವ ಸಂಗೀತಕ್ಕೆ ಹೆಸರು ತಂದಿತು. ೧೯೮೪ರಲ್ಲಿ ಜೀರೋ ಕಾಮ ಎಂಬ ಹೆಸರಿನಿಂದ ಆಸ್ಟ್ರಿಯದವನೊಬ್ಬನು ಮನುಷ್ಯರ ಎಲುಬುಗಳ ವಾದ್ಯಗಳಿಂದ ಮಾಡಿದುದೆಂದು ಒಂದು ಕೃತಿಯನ್ನು ಹೊರಡಿಸಿದನು. ಇವುಗಳಿಗಿಂತ ಗಂಭೀರವಾದುದು ಪಾಲಿನ್ ಒಲಿವೆರೋಸ್ ಮತ್ತು ಸಂಗಡಿಗರ ಕಾರ್ಯವು. ೧೯೮೮ರಲ್ಲಿ ಅಮೆರಿಕದ ವಾಷಿಂಗ್ಟನ್ ಪ್ರಾಂತದ ಫೋರ್ಟ್ ವರ್ಡನ್ನಿನಲ್ಲಿ, ಬಳಕೆ ತಪ್ಪಿದ ನೆಲದಡಿಯ ನೀರಿನ ತೊಟ್ಟಿಯೊಳಗೆ ಅವರು ಬಾಜಿಸಿದರು. ಅಲ್ಲಿ ಒಂದು ಸ್ವರದ ಮಾರ್ದನಿಯು ೪೫ ಸೆಕೆಂಡುಗಳವರೆಗೆ ನಿಲ್ಲುತ್ತದೆ. ತಮ್ಮ ಹಿಂದಿನ ಸ್ವರವು ಅಳಿಯದಿರುವುದರಿಂದ ವಾದಕರು ಆಡುವುದಕ್ಕಿಂತ ಕೇಳುವುದನ್ನೇ ಹೆಚ್ಚು ಕಲಿಯಬೇಕಾಯಿತು.

ಇನ್ನು ಚೌಡಿಕೆಯ ವಿಷಯ. ತೊಗಲು ಹೊದಿಸಿದ ಕೊಳಗದಂತಹ ಒಡಲು, ಅದರೊಳಗಿನಿಂದ ಬಿಗಿದ ಒಂದೇ ತಂತಿ; ಕಂಕುಳಲ್ಲಿ ಇರುಕಿ ಮೀಟುವರು. ಜೊತೆಗೆ ಶ್ರುತಿಯೂ ತಾಳವೂ ಇರುತ್ತವೆ. ಪರಶುರಾಮನು ತನ್ನ ವೈರಿಯ ದೇಹದಿಂದಲೇ ಇದನ್ನು ಮಾಡಿದನೆಂದು ಹೇಳಿಕೆಯುಂಟು. ಎಲುಬಿನ ವಾದ್ಯವು ಆಸ್ಟ್ರಿಯದವನಿಗೆ ಬೆರಗು ಹುಟ್ಟಿಸುವ ಸಾಧನವು. ಜೋಗತಿಗಾದರೋ ಅದು ತಾಯಿ ರೇಣುಕೆಯ ದುಃಖಕ್ಕೆ ಮಗನು ತೀರಿಸಿದ ಋಣದ ಗುರುತು.

ಸ್ಥಳದ ವ್ಯತ್ಯಾಸವೂ ಗಮನಾರ್ಹವು. ಕಿತ್ತೂರಿನ ಅರಮನೆಯು ಪಾಳುಬಿದ್ದಿದೆ. ಆದರೆ ಮೇಲ್ಛಾವಣಿಯಿಲ್ಲದ ಆ ಗೋಡೆಗಳು ನಾದವನ್ನು ಹಿಡಿದಿಡಲಾರವು. ಎಲ್ಲಮ್ಮನ ಗುಡ್ಡವೂ ಬಯಲೇ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಬೈಲಹೊಂಗಲ, ರಾಮದುರ್ಗಗಳ ಸೀಮೆಯಿಂದಲೂ ದೂರದ ನಾಡುಗಳಿಂದಲೂ ಜನರು ನೆರೆಯುವಾಗ ಅಲ್ಲಿ ಮಾರ್ದನಿ ಕೊಡುವ ಕಟ್ಟಡವಿಲ್ಲ. ಮುಂದಾಳು ಬಿಟ್ಟ ನುಡಿಯ ಕೊನೆಯನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ‘ಉಧೋ ಉಧೋ’ ಎಂಬ ಉದ್ಘೋಷವು ಅದನ್ನು ಮುಂದುವರಿಸುತ್ತದೆ. ತೊಟ್ಟಿಯಲ್ಲಿ ಕಲ್ಲುಗಾರೆಯು ಮಾಡುವ ಕೆಲಸವನ್ನು ಇಲ್ಲಿ ಮನುಷ್ಯರು ಮಾಡುತ್ತಾರೆ. ವಿಧಿಗೆ ನಿಯತವಾದ ಕಾಲವೂ, ನಡೆಸುವ ಅಧಿಕಾರಿಯೂ, ತೀರಿಸಬೇಕಾದ ಹರಕೆಯೂ ಬೇಕು. ಪಾಳುಕಾರ್ಖಾನೆಯ ಸಂಗೀತಕ್ಕೆ ಸ್ಥಳವೊಂದುಳಿದು ಇವಾವುವೂ ಇಲ್ಲ. ಆದುದರಿಂದ ಅದನ್ನು ಉತ್ತಮ ಶ್ರವಣವೆನ್ನಬಹುದು, ವಿಧಿಯೆನ್ನಲಾಗದು.

ಆದರೆ ಇಷ್ಟಕ್ಕೇ ತೀರ್ಪನ್ನು ಮುಗಿಸುವುದು ನ್ಯಾಯವಲ್ಲ. ಚೌಡಿಕೆಯನ್ನು ವಿಧಿಯಾಗಿಸಿದ ಬಂಧನವು ಎಷ್ಟೋ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿಸಿದ ಬಂಧನವೂ ಆಗಿತ್ತು. ೧೯೩೪ರ ಮುಂಬಯಿ ಕಾಯಿದೆಯೂ ೧೯೮೨ರ ಕರ್ನಾಟಕ ಕಾಯಿದೆಯೂ ಅಂತಹ ಸಮರ್ಪಣೆಯನ್ನು ನಿಷೇಧಿಸಿದುದು ಯುಕ್ತವೇ. ಬಂಧನವು ಹರಿದ ಮೇಲೆ ಚೌಡಿಕೆಯೂ ಪಾಳುನೆಲೆಯ ನಾದವಾಗುವುದಿಲ್ಲವೇ ಎಂಬ ಶಂಕೆಯು ಸಹಜವು. ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದೂ, ೨೦೨೧ರಲ್ಲಿ ಪದ್ಮಶ್ರೀಯನ್ನು ಪಡೆದುದೂ ಈ ಕಲೆಗೆ ಗುಡ್ಡದ ಹೊರಗೂ ಬಾಳುವೆಯುಂಟೆಂದು ತೋರಿಸುತ್ತವೆ.

ಆ ಬಾಳುವೆಯು ನಿಲ್ಲುವುದು ತಂತಿಯ ಝೇಂಕಾರದಿಂದಲ್ಲ, ನುಡಿಯಿಂದ. ರೇಣುಕೆಯು ಗಂಡನ ಶಾಪಕ್ಕೂ ಮಗನ ಕೊಡಲಿಗೂ ಗುರಿಯಾದ ಕಥೆಯನ್ನು, ಅವಳ ದುಃಖವನ್ನು ಬಲ್ಲವರೇ ಹಾಡುತ್ತ ಬಂದರು. ಝೇಂಕಾರವನ್ನು ಮಾತ್ರ ಮುದ್ರಿಸಿಕೊಂಡು ನುಡಿಯನ್ನು ಕೈಬಿಡುವವನು ಹಾಡಿದವಳನ್ನೂ ಕೈಬಿಟ್ಟಂತೆಯೇ ಸರಿ. ಸಾಹಿತ್ಯದ ಅಧ್ಯಾಪಕರು ಚೌಡಿಕೆಯ ಪದವನ್ನು ಮೊದಲು ಕಾವ್ಯವೆಂದು ಓದಿಸಿ, ಆಮೇಲೆ ನಾದವೆಂದು ಕೇಳಿಸತಕ್ಕದ್ದು.