ನೋಡಿದರೆ ಹೆಣಿಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಆಕ್ಸಿರಿಂಕಸ್‌ನಿಂದ ಬಂದ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲಗಳಿವೆ. ಕಾಲ ಕ್ರಿ.ಶ. 250ರಿಂದ 420ರ ನಡುವೆ. ಚಪ್ಪಲಿಯ ಪಟ್ಟಿ ಕೂರಲೆಂದು ಹೆಬ್ಬೆರಳಿಗೆ ಬೇರೆಯೇ ಗೂಡು. ಚಿತ್ರ ನೋಡಿದವರು ಇದನ್ನು ಹೆಣಿಗೆ ಎಂದೇ ಓದುತ್ತಾರೆ. ವಿದ್ವಾಂಸರಲ್ಲೂ ಹಾಗೆ ಓದಿದವರಿದ್ದರು. ಇಂಥ ಕಾಪ್ಟಿಕ್ ಕಾಲುಚೀಲಗಳು ಎರಡು ಕಡ್ಡಿಯ ಕೆಲಸವಲ್ಲ, ಒಂದೇ ಸೂಜಿಯವು ಎಂದು ಡೊರತಿ ಬರ್ನಮ್ 1972ರ ಪ್ರಬಂಧದಲ್ಲಿ ವಾದಿಸಿದರು. ಈ ಕಸುಬನ್ನು ಇಂದು ನೋಲ್‌ಬಿಂಡಿಂಗ್ ಎನ್ನುತ್ತಾರೆ. ಸ್ಕ್ಯಾಂಡಿನೇವಿಯದ ಪದ, ಸೂಜಿಯಿಂದ ಕಟ್ಟುವುದು ಎಂದರ್ಥ.

ಇದು ಬರೀ ಹೆಸರಿನ ತಕರಾರಲ್ಲ. ಅವನ್ನು ಹೆಣಿಗೆ ಎಂದುಬಿಟ್ಟರೆ ಹೆಣಿಗೆಯ ಚರಿತ್ರೆ ಹಲವು ಶತಮಾನ ಹಿಂದಕ್ಕೆ ಹೋಗುತ್ತದೆ, ಇನ್ನೊಂದು ಕಸುಬು ಚರಿತ್ರೆಯಿಂದಲೇ ಮಾಯವಾಗುತ್ತದೆ. ಕಷ್ಟವೇನೆಂದರೆ, ಕಾಪ್ಟಿಕ್ ಹೊಲಿಗೆಯ ಕುಣಿಕೆಗಳ ಹೊಂದಿಕೆಯೂ ತಿರುಚಿದ ಹೆಣಿಗೆಯದೇ. ಮೇಲ್ಮೈಯನ್ನೇ ನಂಬುವ ರೂಪನಿಷ್ಠ ಓದು ಇಲ್ಲಿ ಸೋಲುತ್ತದೆ.

ಕೆಲವು ವಾರಗಳಿಂದ ಇದನ್ನು ಕಲಿಯುತ್ತಿದ್ದೇನೆ. ಹೆಣಿಗೆಯಲ್ಲಿ ಉಂಡೆಯಿಂದ ನೂಲು ಬರುತ್ತಲೇ ಇರುತ್ತದೆ. ಇಲ್ಲಿ ಪ್ರತಿ ಕುಣಿಕೆಯೊಳಗೂ ಇಡೀ ಎಳೆ ತುದಿಯವರೆಗೆ ಹಾದುಹೋಗಬೇಕು. ಹಾಗಾಗಿ ಒಂದೆರಡು ಮಾರಿಗಿಂತ ಹೆಚ್ಚು ನೂಲು ಹಿಡಿದರೆ ಸಿಕ್ಕಾಗುತ್ತದೆ. ಮುಗಿದಾಗ ಹಳೆಯ ಎಳೆ, ಹೊಸ ಎಳೆ ಎರಡರ ತುದಿಯನ್ನೂ ಬಿಡಿಸಿ, ಒದ್ದೆ ಮಾಡಿ, ಅಂಗೈಯಲ್ಲಿ ಹೊಸೆದು ಸೇರಿಸಬೇಕು. (ಬಲ್ಲವರಿಗೆ ಉಗುಳೇ ಸಾಕು. ನಾನಿನ್ನೂ ನೀರಿನಲ್ಲಿದ್ದೇನೆ.) ಈಗ ಯಾವ ಹಳೆಯ ತುಣುಕಿನ ಚಿತ್ರ ಕಂಡರೂ ಕಣ್ಣು ಮೊದಲು ಹುಡುಕುವುದು ಈ ಬೆಸುಗೆಗಳನ್ನು, ಅಗಲಿಸಿದ, ತಿರುಗಿಸಿದ ಜಾಗಗಳನ್ನು.

ಡೆನ್ಮಾರ್ಕಿನ ಎಗಾನ್ ಹಾನ್ಸೆನ್ 1990ರಲ್ಲಿ ಪ್ರಕಟಿಸಿದ ಸಂಕೇತಪದ್ಧತಿಯಲ್ಲಿ ಓಸ್ಲೊ ಹೊಲಿಗೆ ಎಂದರೆ 'ಯು ಓ / ಯು ಓ ಓ'. ಯು ಎಂದರೆ ಎಳೆಯ ಕೆಳಗೆ, ಓ ಎಂದರೆ ಮೇಲೆ. ಗೆರೆ ಬಂದಲ್ಲಿ ಸೂಜಿ ದಿಕ್ಕು ಬದಲಿಸುತ್ತದೆ. ಅವರ ಯು ಅಕ್ಷರ ನಾವು ಲಘುವಿಗೆ ಹಾಕುವ ಗುರುತಿನ ಆಕಾರದ್ದೇ! ಪ್ರಸ್ತಾರ ಹಾಕಿದರೆ ಷಟ್ಪದಿಯ ಮಾತ್ರೆ ಸಿಗುತ್ತದೆ, ಗಮಕಿಯ ಉಸಿರು ಸಿಗುವುದಿಲ್ಲ. ಹಾನ್ಸೆನ್ನರ ಸಂಕೇತವೂ ದಾರಿ ಹೇಳುತ್ತದೆ, ಬಿಗಿ ಹೇಳುವುದಿಲ್ಲ. ಓಸ್ಲೊ ಹೊಲಿಗೆಯ ಕುಣಿಕೆಯನ್ನು ಸಾಮಾನ್ಯವಾಗಿ ಹೆಬ್ಬೆರಳ ಸುತ್ತ ಹಾಕುತ್ತಾರೆ; ಆ ಬೆರಳಿನ ದಪ್ಪವೇ ಅಳತೆ. ಒಂದೇ ಸೂತ್ರ ಹಿಡಿದು ಇಬ್ಬರು ಮಾಡಿದ ಟೋಪಿ ಒಂದೇ ತಲೆಗೆ ಕೂರಲಿಕ್ಕಿಲ್ಲ. ಆದರೂ ಸಂಕೇತವನ್ನು ಹಳಿಯಲಾರೆ. ಹೆಸರಿಲ್ಲದ ಹೊಲಿಗೆಯನ್ನೂ ಬರೆದಿಡಲು ಅದರಿಂದ ಸಾಧ್ಯ.

ನಮ್ಮಲ್ಲಿ ಹೆಣಿಗೆ ಎಂದರೆ ಸ್ವೆಟರಿನ ಕಡ್ಡಿಗಳೇ ಕಣ್ಮುಂದೆ ಬರುತ್ತವೆ. ನೇಯ್ಗೆಗೆ ಮಗ್ಗ ಬೇಕು, ಕಸೂತಿಗೆ ಮೊದಲೇ ಬಟ್ಟೆ ಬೇಕು. ಸದ್ಯಕ್ಕೆ ಟಿಪ್ಪಣಿ ಪುಸ್ತಕದಲ್ಲಿ 'ಸೂಜಿಗಟ್ಟು' ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ಹೊಡೆದುಹಾಕುತ್ತೇನೆ.