ನಗುವವರಿಲ್ಲದ ಕೋಣೆಯಲ್ಲಿ ಹಿಗ್ಗಿನ್ಸ್

‘ಮೈ ಫೇರ್ ಲೇಡಿ’ ಎಂಬ ಸಂಗೀತ ನಾಟಕ ನ್ಯೂಯಾರ್ಕಿನ ಮಾರ್ಕ್ ಹೆಲಿಂಜರ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡದ್ದು 1956ರ ಮಾರ್ಚ್ 15ರಂದು. ಹತ್ತು ದಿನ ಕಳೆದು, ಆಟವಿಲ್ಲದ ಭಾನುವಾರ, ಇಡೀ ತಂಡ ಧ್ವನಿಮುದ್ರಣಕ್ಕಾಗಿ 30ನೇ ಬೀದಿಯ ಕೊಲಂಬಿಯಾ ರೆಕಾರ್ಡ್ ಕಂಪನಿಯ ಸ್ಟುಡಿಯೊದಲ್ಲಿ ಸೇರಿತು. ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು. ಎತ್ತರದ ಚಾವಣಿಯಿಂದಾಗಿ ದನಿಗೆ ಒಳ್ಳೆಯ ಗುಂಗು ಬರುತ್ತಿತ್ತು. ಹಿಂದಿನ ವರ್ಷ ಗ್ಲೆನ್ ಗೂಲ್ಡ್ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿದ್ದು ಅಲ್ಲಿಯೇ. ಮೂರು ವರ್ಷದ ನಂತರ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಮುದ್ರಣವಾದದ್ದೂ ಅಲ್ಲಿಯೇ. ಪ್ರತಿ ರಾತ್ರಿ ಸಾವಿರಕ್ಕೂ ಮಿಕ್ಕಿದ ಜನರ ನಗುವಿಗೆ ತಮ್ಮ ಮಾತಿನ ವೇಗವನ್ನು ಹೊಂದಿಸಿಕೊಳ್ಳುತ್ತಿದ್ದ ನಟರು ಅಂದು ಒಬ್ಬ ಪ್ರೇಕ್ಷಕನೂ ಇಲ್ಲದ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅದೇ ಹಾಡುಗಳನ್ನು ಹಾಡಿ ಮುಗಿಸಿದರು. ಆ ಒಂದು ದಿನದ ಕೆಲಸ ಹಾಸ್ಯಪ್ರಧಾನ ಸಂಗೀತ ನಾಟಕಗಳ ಧ್ವನಿಮುದ್ರಿಕೆಗಳಲ್ಲಿ ಇವತ್ತಿಗೂ ಅತ್ಯುತ್ತಮವಾದದ್ದು.

ಹೀಗೆ ಹೇಳಲು ಕಾರಣ ಬೇಕು, ಏಕೆಂದರೆ ಹಾಸ್ಯಕ್ಕೆ ರೆಕಾರ್ಡು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ರಂಗದ ಮೇಲಿನ ನಗೆಮಾತು ಅರ್ಧ ನಟನದು, ಅರ್ಧ ಸಭಿಕರದು. ನಟ ಒಂದು ಮಾತು ಬಿಟ್ಟು ಕಾಯುತ್ತಾನೆ. ನಗು ಏರಿ, ಇಳಿಯತೊಡಗಿದಾಗ ಮುಂದಿನ ಮಾತು ಎತ್ತಿಕೊಳ್ಳುತ್ತಾನೆ. ಸ್ಟುಡಿಯೊದಲ್ಲಿ ಕಾಯುವುದಕ್ಕೆ ಯಾರೂ ಇರುವುದಿಲ್ಲ. ಮುಖದ ಭಾವವಿಲ್ಲ, ನಡಿಗೆಯಿಲ್ಲ, ಬಾಗಿಲು ಬಡಿದು ಹೋಗುವುದು ಕಾಣಿಸುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ನಾಟಕವನ್ನು ಜನ ಒಮ್ಮೆಯೋ ಎರಡು ಸಲವೋ ನೋಡುತ್ತಾರೆ, ರೆಕಾರ್ಡನ್ನು ಮತ್ತೆ ಮತ್ತೆ ಕೇಳುತ್ತಾರೆ. ಅಚ್ಚರಿಯಿಂದ ಹುಟ್ಟಿದ ನಗು ಎರಡನೇ ಸಲಕ್ಕೇ ಸೊರಗುತ್ತದೆ. ಮುಂದಿನ ಪ್ರಾಸ ಏನೆಂದು ಗೊತ್ತಿದ್ದೂ ತುಟಿಯಲ್ಲಿ ನಗು ಮೂಡಬೇಕಾದರೆ, ಆ ನಗು ಚಮತ್ಕಾರದಿಂದಲ್ಲ, ಪಾತ್ರದಿಂದ ಹುಟ್ಟಿರಬೇಕು.

‘ಮೈ ಫೇರ್ ಲೇಡಿ’ಯ ಹಾಸ್ಯ ಹುಟ್ಟುವುದೇ ದನಿಯಿಂದ. ಅದರ ಮೂಲ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’, 1914ರಲ್ಲಿ ಲಂಡನ್ನಿನ ರಂಗ ಕಂಡ ನಾಟಕ. ಕೋವೆಂಟ್ ಗಾರ್ಡನ್ನಿನಲ್ಲಿ ಹೂ ಮಾರುವ ಎಲೈಜಾ ಡೂಲಿಟಲ್‌ಳ ಕಾಕ್ನಿ ಉಚ್ಚಾರವನ್ನು ತಿದ್ದಿ ಅವಳನ್ನು ಡಚೆಸ್ ಎಂದು ನಂಬಿಸಿಬಿಡುತ್ತೇನೆಂದು ಧ್ವನಿಶಾಸ್ತ್ರಜ್ಞ ಹೆನ್ರಿ ಹಿಗ್ಗಿನ್ಸ್ ಪಣ ತೊಡುತ್ತಾನೆ. ಕಾಕ್ನಿಯಲ್ಲಿ ಪದದ ಮೊದಲ ‘ಹ’ ಉದುರಿಹೋಗುತ್ತದೆ, ‘ಏ’ ಎನ್ನಬೇಕಾದಲ್ಲಿ ‘ಐ’ ಬರುತ್ತದೆ. ಹಳೇ ಮೈಸೂರು ಕಡೆಯ ಆಡುಮಾತಿನಲ್ಲಿ ಹಾಲು ‘ಆಲು’, ಹೂವು ‘ಊವು’ ಆಗುವುದನ್ನು ಕೇಳಿ ಬೆಳೆದವರಿಗೆ, ಆ ಒಂದು ‘ಹ’ಕಾರಕ್ಕಾಗಿ ತರಗತಿಯಲ್ಲಿ ತಲೆ ತಗ್ಗಿಸಿದವರನ್ನು ಕಂಡವರಿಗೆ, ಈ ನಾಟಕದ ನಗುವೂ ಅದರೊಳಗಿನ ನೋವೂ ಟಿಪ್ಪಣಿಯಿಲ್ಲದೆ ತಿಳಿಯುತ್ತವೆ. ಪು.ಲ. ದೇಶಪಾಂಡೆ ಇದೇ ಕಥೆಯನ್ನು ಮರಾಠಿಯಲ್ಲಿ ‘ತೀ ಫುಲರಾಣಿ’ಯಾಗಿಸಿ ಅಷ್ಟು ಜನಪ್ರಿಯಗೊಳಿಸಿದ್ದು ಸುಮ್ಮನೆ ಅಲ್ಲ.

ಷಾ ಬದುಕಿದ್ದಷ್ಟು ಕಾಲ ‘ಪಿಗ್ಮೇಲಿಯನ್’ಗೆ ಹಾಡು ಸೇರಿಸಲು ಯಾರಿಗೂ ಬಿಡಲಿಲ್ಲ. ಅವರ ಇನ್ನೊಂದು ನಾಟಕ ‘ದಿ ಚಾಕೊಲೇಟ್ ಸೋಲ್ಜರ್’ ಎಂಬ ಸಂಗೀತರೂಪಕವಾಗಿ ಹೊರಬಂದದ್ದು ಅವರಿಗೆ ಹಿಡಿಸಿರಲಿಲ್ಲ. 1950ರಲ್ಲಿ ಅವರು ತೀರಿಕೊಂಡ ಮೇಲೆ ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಅವರಂಥ ಜೋಡಿ ಪ್ರಯತ್ನಿಸಿ ಕೈಬಿಟ್ಟಿತು. ಮಾತೇ ಜೀವಾಳವಾದ ನಾಟಕದಲ್ಲಿ ಹಾಡಿಗೆ ಜಾಗವೆಲ್ಲಿ? ಸಾಹಿತ್ಯ ಬರೆದ ಅಲನ್ ಜೇ ಲರ್ನರ್ ಮತ್ತು ಸಂಗೀತ ಕೂಡಿಸಿದ ಫ್ರೆಡ್ರಿಕ್ ಲೋವ್ ಆ ಜಾಗವನ್ನು ಮಾತಿನೊಳಗೇ ಕಂಡುಕೊಂಡರು. ವಾದ ಬಿಸಿಯೇರಿ ಇನ್ನು ಬರಿಯ ಮಾತು ಸಾಲದು ಎನ್ನುವ ಘಟ್ಟದಲ್ಲಿ ಅವರ ಹಾಡು ಶುರುವಾಗುತ್ತದೆ.

ಹಿಗ್ಗಿನ್ಸ್ ಪಾತ್ರದ ರೆಕ್ಸ್ ಹ್ಯಾರಿಸನ್ ಗಾಯಕರಲ್ಲ. ಸ್ವರದ ಅಂಚನ್ನು ಮುಟ್ಟುತ್ತ, ಮಾತನ್ನೇ ತಾಳಕ್ಕೆ ಕೂರಿಸುವ ರೀತಿಯನ್ನು ಅವರು ರೂಢಿಸಿಕೊಂಡರು. ನ್ಯೂ ಹೇವನ್ನಿನಲ್ಲಿ ಫೆಬ್ರುವರಿಯ ಮೊದಲ ಪರೀಕ್ಷಾ ಪ್ರದರ್ಶನದ ದಿನ, ವಾದ್ಯವೃಂದದೊಡನೆ ಇನ್ನೂ ಹೊಂದಿಕೆಯಾಗಿಲ್ಲ, ರಂಗಕ್ಕೆ ಬರುವುದೇ ಇಲ್ಲ ಎಂದು ಅವರು ಹಟ ಹಿಡಿದಿದ್ದರು. ಆ ಆತಂಕದ ಅಂಶವೊಂದು ಈ ಧ್ವನಿಮುದ್ರಿಕೆಯಲ್ಲಿ ಉಳಿದಿದೆ, ಮತ್ತು ಅದರಿಂದ ಹಾಸ್ಯಕ್ಕೆ ಲಾಭವೇ ಆಗಿದೆ. ‘ಐಯಾಮ್ ಆನ್ ಆರ್ಡಿನರಿ ಮ್ಯಾನ್’ ಹಾಡನ್ನೇ ತೆಗೆದುಕೊಳ್ಳಬಹುದು. ತಾನೊಬ್ಬ ಸಾಧು, ಶಾಂತಿಪ್ರಿಯ ಮನುಷ್ಯ ಎಂದು ಹಿಗ್ಗಿನ್ಸ್ ಮೆಲುದನಿಯಲ್ಲಿ ಬಣ್ಣಿಸಿಕೊಳ್ಳುತ್ತಾನೆ; ಕೆಳಗೆ ವಾದ್ಯಗಳೂ ತಗ್ಗಿದ ದನಿಯಲ್ಲಿ ಅವನನ್ನು ಒಪ್ಪಿಕೊಳ್ಳುತ್ತವೆ. ಹೆಣ್ಣೊಬ್ಬಳು ಮನೆಗೆ ಕಾಲಿಟ್ಟರೆ ಎಂಬ ಯೋಚನೆ ಬಂದ ಗಳಿಗೆಯಲ್ಲಿ ಲಯ ಇಮ್ಮಡಿಯಾಗಿ, ವಾದ್ಯಗಳೆಲ್ಲ ಒಟ್ಟಿಗೆ ಎರಗುತ್ತವೆ. ಮತ್ತೆ ಸಾಧುತನ, ಮತ್ತೆ ಸ್ಫೋಟ. ತನ್ನ ಬಗ್ಗೆ ಅವನು ಹೇಳುವ ಮಾತೆಲ್ಲ ಸುಳ್ಳು ಎಂಬುದನ್ನು ಅವನದೇ ಸಂಗೀತ ಸಾಬೀತುಪಡಿಸುತ್ತದೆ, ಅವನಿಗೆ ಮಾತ್ರ ಅದು ಕೇಳಿಸುವುದಿಲ್ಲ. ಇಲ್ಲಿ ಮುಖ ನೋಡುವ ಅಗತ್ಯವಿಲ್ಲ. ಹತ್ತಾರು ಸಲ ಕೇಳಿದರೂ ಈ ಹಾಡು ಸವೆಯುವುದಿಲ್ಲ, ಏಕೆಂದರೆ ತನ್ನನ್ನು ತಾನು ಅರಿಯದ ಮನುಷ್ಯನ ಆತ್ಮವಿಶ್ವಾಸ ಪ್ರತಿಸಲವೂ ಅಷ್ಟೇ ನಗೆ ತರುತ್ತದೆ.

ಎಲೈಜಾಳ ತಂದೆ ಆಲ್‌ಫ್ರೆಡ್ ಡೂಲಿಟಲ್ ಆಗಿರುವ ಸ್ಟ್ಯಾನ್ಲಿ ಹಾಲೊವೇ ಬೇರೆ ದಾರಿಯಿಂದ ಬಂದವರು. ಲಂಡನ್ನಿನ ಮ್ಯೂಸಿಕ್ ಹಾಲ್ ಪರಂಪರೆ ಅವರದು. ಸಿಂಹದ ಬಾಯಿಗೆ ಸಿಕ್ಕ ಆಲ್ಬರ್ಟ್ ಎಂಬ ಹುಡುಗನ ಕಥೆಯಂಥ ಹಾಸ್ಯ ಸ್ವಗತಗಳನ್ನು 1930ರ ದಶಕದಲ್ಲೇ ರೆಕಾರ್ಡಿಗೆ ಕೊಟ್ಟು ಬ್ರಿಟನ್ನಿನ ಮನೆಮಾತಾಗಿದ್ದರು. ಎದುರಿಗೆ ಜನರಿಲ್ಲದೆ ಮೈಕಿಗೆ ಹಾಸ್ಯ ಹೇಳುವ ವಿದ್ಯೆ ತಂಡದಲ್ಲಿ ಅವರಿಗಿದ್ದಷ್ಟು ಬೇರೆ ಯಾರಿಗೂ ಇರಲಿಲ್ಲ, ಅದು ಕೇಳಿದರೆ ಗೊತ್ತಾಗುತ್ತದೆ. ‘ವಿತ್ ಎ ಲಿಟ್ಲ್ ಬಿಟ್ ಆಫ್ ಲಕ್’ನಲ್ಲಿ ಅವರು ಯಾವ ಪದವನ್ನೂ ಒತ್ತಿ ಹೇಳುವುದಿಲ್ಲ, ಸೋಮಾರಿತನವನ್ನು ತತ್ತ್ವವಾಗಿಸಿಕೊಂಡವನ ನೆಮ್ಮದಿ ಆ ದನಿಯಲ್ಲಿ ಸಹಜವಾಗಿ ಹರಿಯುತ್ತದೆ.

ಇಷ್ಟಾದರೂ ರೆಕಾರ್ಡಿಗೆ ದಕ್ಕದ ಜಾಗಗಳಿವೆ, ಅವನ್ನು ಮರೆಮಾಚಬಾರದು. ಆಸ್ಕಟ್ ಕುದುರೆ ಪಂದ್ಯದಲ್ಲಿ ಎಲೈಜಾ ಶುದ್ಧ ಉಚ್ಚಾರದಲ್ಲಿ, ತನ್ನ ಅತ್ತೆಯೊಬ್ಬಳ ಸಾವಿನ ಬಗ್ಗೆ ಗಲ್ಲಿಯ ಸುದ್ದಿ ಹೇಳುವ ದೃಶ್ಯ ಇಡೀ ನಾಟಕದಲ್ಲಿ ಅತಿ ಹೆಚ್ಚು ನಗಿಸುವಂಥದ್ದು. ಅದು ಬರಿಯ ಮಾತು, ಧ್ವನಿಮುದ್ರಿಕೆಯಲ್ಲಿ ಇಲ್ಲ. ಶ್ರೀಮಂತರ ಗುಂಪು ಮರಗಟ್ಟಿದ ಗತ್ತಿನಲ್ಲಿ ಹಾಡುವ, ಗವೊಟ್ ಎಂಬ ನೃತ್ಯದ ಲಯದ ಹಾಡು ಮಾತ್ರ ಉಳಿದಿದೆ. ಇದಕ್ಕಿಂತ ಗಂಭೀರ ನಷ್ಟ ‘ಯು ಡಿಡ್ ಇಟ್’ ಹಾಡಿನದು. ರಾಯಭಾರ ಕಚೇರಿಯ ನೃತ್ಯಕೂಟದಲ್ಲಿ ಎಲೈಜಾ ಗೆದ್ದು ಬಂದ ರಾತ್ರಿ ಹಿಗ್ಗಿನ್ಸ್ ಮತ್ತು ಅವನ ಗೆಳೆಯ ಕರ್ನಲ್ ಪಿಕರಿಂಗ್ ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತಾರೆ, ಮನೆಯ ಕೆಲಸದವರೂ ದನಿಗೂಡಿಸುತ್ತಾರೆ. ಗೆದ್ದವಳನ್ನು ಯಾರೂ ಮಾತಾಡಿಸುವುದಿಲ್ಲ. ರಂಗದ ಮೇಲೆ ಅವಳು ಅಲ್ಲೇ ಒಂದು ಬದಿಗೆ ನಿಂತಿರುತ್ತಾಳೆ; ಹಾಡಿನ ಉಲ್ಲಾಸ ಏರಿದಂತೆಲ್ಲ ನೋಡುವವರ ಕಣ್ಣು ಅವಳ ಮೇಲೆ ನಿಲ್ಲುತ್ತದೆ, ನಗು ಗಂಟಲಲ್ಲೇ ಉಳಿಯುತ್ತದೆ. ರೆಕಾರ್ಡಿನಲ್ಲಿ ಅದು ಕೇವಲ ಲವಲವಿಕೆಯ ಹಾಡು. ಮೌನವಾಗಿ ನಿಂತ ಹೆಣ್ಣನ್ನು ಕಿವಿಗೆ ತೋರಿಸಲು ಯಾವ ಮೈಕಿಗೂ ಆಗುವುದಿಲ್ಲ. ನಾಟಕ ನೋಡದೆ ರೆಕಾರ್ಡು ಮಾತ್ರ ಕೇಳಿದವರು ಹಿಗ್ಗಿನ್ಸ್‌ನನ್ನು ಅವನ ಯೋಗ್ಯತೆಗಿಂತ ಹೆಚ್ಚು ಮೆಚ್ಚಿಕೊಳ್ಳುವ ಅಪಾಯ ಇರುವುದು ಇಲ್ಲೇ.

ಏನು ಉಳಿಯಬೇಕು, ಏನು ಹೋಗಬೇಕು ಎಂಬ ತೀರ್ಮಾನ ಧ್ವನಿಮುದ್ರಿಕೆಯ ನಿರ್ಮಾಪಕ ಗಾಡರ್ಡ್ ಲೀಬರ್‌ಸನ್ ಅವರ ಕೈಯಲ್ಲಿತ್ತು. 1943ರಲ್ಲಿ ಡೆಕ್ಕಾ ಕಂಪನಿ ‘ಓಕ್ಲಹಾಮಾ!’ ಎಂಬ ಸಂಗೀತ ನಾಟಕದ ಹಾಡುಗಳನ್ನು ಹೊರತಂದಾಗ ಅವು ಆರು ತಟ್ಟೆಗಳಿಗೆ ಹಂಚಿಹೋಗಿದ್ದವು. ಮೂರು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುಗಿಸಬೇಕಿತ್ತು. 1948ರಲ್ಲಿ ಕೊಲಂಬಿಯಾ ಎಲ್‌ಪಿ ಎಂಬ ದೀರ್ಘ ಅವಧಿಯ ತಟ್ಟೆ ತಂದ ಮೇಲೆ ನಾಟಕದ ಅಂಕವೊಂದನ್ನು ಎಡೆಬಿಡದೆ ಕೇಳುವುದು ಸಾಧ್ಯವಾಯಿತು. ಲೀಬರ್‌ಸನ್ ಈ ಹೊಸ ಅನುಕೂಲದ ಬೆಲೆಯನ್ನು ಬೇಗ ಅರಿತರು. ಅವರ ಒತ್ತಾಯದ ಮೇಲೆ ಕೊಲಂಬಿಯಾದ ಒಡೆತನ ಹೊಂದಿದ್ದ ಸಿಬಿಎಸ್ ‘ಮೈ ಫೇರ್ ಲೇಡಿ’ಯ ಇಡೀ ಬಂಡವಾಳವನ್ನು, ಮೂರೂವರೆ ಲಕ್ಷ ಡಾಲರಿಗೂ ಮಿಕ್ಕ ಹಣವನ್ನು, ತಾನೇ ಹೂಡಿತು. ನಾಟಕ 2,717 ಪ್ರದರ್ಶನ ಕಂಡಿತು. ಎಲ್‌ಪಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ ವರ್ಷಗಟ್ಟಲೆ ಪಟ್ಟಿಯಲ್ಲೇ ಉಳಿಯಿತು. ಅದರ ಹೊದಿಕೆಯ ಮೇಲೆ ಆಲ್ ಹರ್ಷ್‌ಫೆಲ್ಡ್ ಅವರ ರೇಖಾಚಿತ್ರವಿದೆ: ಮೋಡದ ಮೇಲೆ ಕುಳಿತ ಷಾ ಹಿಗ್ಗಿನ್ಸ್‌ನನ್ನು ಸೂತ್ರದ ಗೊಂಬೆಯಂತೆ ಆಡಿಸುತ್ತಿದ್ದಾರೆ, ಹಿಗ್ಗಿನ್ಸ್ ಎಲೈಜಾಳನ್ನು ಆಡಿಸುತ್ತಿದ್ದಾನೆ.

1956ರ ಮುದ್ರಣ ಮೋನೊ. ಸ್ಟೀರಿಯೊ ಬಂದ ಮೇಲೆ 1959ರಲ್ಲಿ ಲಂಡನ್ನಿನ ತಂಡದೊಡನೆ ಕೊಲಂಬಿಯಾ ಇನ್ನೊಂದು ಧ್ವನಿಮುದ್ರಿಕೆ ಮಾಡಿತು. ಹ್ಯಾರಿಸನ್, ಎಲೈಜಾ ಪಾತ್ರದ ಜೂಲಿ ಆಂಡ್ರ್ಯೂಸ್, ಹಾಲೊವೇ ಮೂವರೂ ಅದರಲ್ಲಿದ್ದಾರೆ. ವಾದ್ಯಗಳು ಎಡಬಲಕ್ಕೆ ಹರಡಿ ಚೆನ್ನಾಗಿ ಕೇಳಿಸುತ್ತವೆ. ಹಾಸ್ಯ ಮಾತ್ರ ಸಡಿಲಗೊಂಡಿದೆ. ಮೂರು ವರ್ಷದ ಚಪ್ಪಾಳೆಯ ನಂತರ ಯಾವ ಪದಕ್ಕೆ ಜನ ನಗುತ್ತಾರೆಂದು ಹ್ಯಾರಿಸನ್ ಅವರಿಗೆ ಚೆನ್ನಾಗಿ ಗೊತ್ತು, ಅಲ್ಲಿ ನಿಂತು ಆ ಪದವನ್ನು ಸವಿಯುತ್ತಾರೆ. ಹಿಗ್ಗಿನ್ಸ್ ತಾನು ತಮಾಷೆಯವನೆಂದು ಅರಿತ ಕ್ಷಣ ತಮಾಷೆ ಕಡಿಮೆಯಾಗುತ್ತದೆ. ಒಳ್ಳೆಯ ಸ್ಪೀಕರ್ ಇರುವವರೂ ಹಳೆಯ ಮೋನೊವನ್ನೇ ಆರಿಸಿಕೊಳ್ಳುವುದು ಮೇಲು.

1964ರ ಚಲನಚಿತ್ರದ ಧ್ವನಿಪಥಕ್ಕಂತೂ ಈ ಹೋಲಿಕೆಯಲ್ಲಿ ಜಾಗವೇ ಇಲ್ಲ. ಅಲ್ಲಿ ಎಲೈಜಾ ಆಗಿ ನಟಿಸಿದವರು ಆಡ್ರಿ ಹೆಪ್‌ಬರ್ನ್, ಹೆಚ್ಚಿನ ಹಾಡುಗಳನ್ನು ಹಾಡಿದವರು ಮಾರ್ನಿ ನಿಕ್ಸನ್. ಬೇರೆ ಚಿತ್ರದಲ್ಲಿ ಇದು ದೋಷವೇ ಅಲ್ಲ. ಹಿನ್ನೆಲೆ ಗಾಯನದಲ್ಲೇ ಬೆಳೆದ ನಮಗೆ ಅದು ಹೊಸದೂ ಅಲ್ಲ. ಆದರೆ ಒಬ್ಬ ಹುಡುಗಿಯ ದನಿ ಹಂತಹಂತವಾಗಿ ಬದಲಾಗುವುದೇ ಕಥೆಯಾಗಿರುವಾಗ, ಆ ದನಿ ಒಂದೇ ಗಂಟಲಿನಿಂದ ಬರಬೇಕಾಗುತ್ತದೆ.

1956ರ ಮುದ್ರಣದ ವೇಳೆಗೆ ಜೂಲಿ ಆಂಡ್ರ್ಯೂಸ್ ಅವರಿಗೆ ಇಪ್ಪತ್ತು ವರ್ಷ. ತಾಲೀಮಿನಲ್ಲಿ ಪಾತ್ರ ಕೈಗೆ ಹತ್ತದಿದ್ದಾಗ ನಿರ್ದೇಶಕ ಮಾಸ್ ಹಾರ್ಟ್ ಉಳಿದವರನ್ನೆಲ್ಲ ಕಳಿಸಿ, ಒಂದು ವಾರಾಂತ್ಯವಿಡೀ ಅವರೊಬ್ಬರನ್ನೇ ಕೂರಿಸಿಕೊಂಡು ಸಾಲು ಸಾಲಾಗಿ ತಿದ್ದಿದರು. ಕಾಕ್ನಿ ಉಚ್ಚಾರವನ್ನು ಆ ಇಂಗ್ಲಿಷ್ ಹುಡುಗಿಗೆ ಕಲಿಸಿದ್ದು ಒಬ್ಬ ಅಮೆರಿಕನ್ ಧ್ವನಿಶಾಸ್ತ್ರಜ್ಞ. ಈ ಶ್ರಮದ ಫಲ ಕೇಳಬೇಕಾದರೆ ಎರಡು ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿಕೊಳ್ಳಬೇಕು. ರಂಗಮಂದಿರದಲ್ಲಿ ಇದು ಸಾಧ್ಯವಿಲ್ಲ. ಮೊದಲನೆಯದು ‘ಜಸ್ಟ್ ಯು ವೇಟ್’: ಪಾಠದ ಹಿಂಸೆಗೆ ಸಿಟ್ಟಾದ ಎಲೈಜಾ ಹಿಗ್ಗಿನ್ಸ್ ಕಾಯಿಲೆ ಬೀಳುವುದನ್ನು, ನೀರಲ್ಲಿ ಮುಳುಗುವುದನ್ನು, ರಾಜನ ಅಪ್ಪಣೆಯಂತೆ ಗುಂಡಿಗೆ ಎದೆಯೊಡ್ಡುವುದನ್ನು ಕಲ್ಪಿಸಿಕೊಂಡು ಹಿಗ್ಗುತ್ತಾಳೆ. ಹೆನ್ರಿ ಹಿಗ್ಗಿನ್ಸ್ ಅವಳ ಬಾಯಲ್ಲಿ ‘ಎನ್ರಿ ಇಗ್ಗಿನ್ಸ್’ ಆಗುತ್ತಾನೆ. ದನಿ ಒರಟು, ಎದೆಯಿಂದ ಹೊರಟದ್ದು, ಕೊನೆಯ ಭಾಗದಲ್ಲಿ ಸೈನ್ಯದ ನಡೆಯ ಜೊತೆ ಹೆಜ್ಜೆ ಹಾಕುವಂಥದ್ದು. ಎರಡನೆಯದು ನಾಟಕದ ಕೊನೆಗೆ ಬರುವ ‘ವಿದೌಟ್ ಯು’: ಅದೇ ಮನುಷ್ಯನ ಮೇಲೆ ಅದೇ ಸಿಟ್ಟು, ಆದರೆ ಪ್ರತಿ ‘ಹ’ಕಾರವೂ ತನ್ನ ಜಾಗದಲ್ಲಿದೆ, ಸ್ವರಗಳೆಲ್ಲ ಅವನು ಕಲಿಸಿದಂತೆಯೇ ದುಂಡಾಗಿವೆ. ಅವನ ಆಯುಧವನ್ನೇ ಹಿಡಿದು ಅವನಿಲ್ಲದೆಯೂ ಲೋಕ ನಡೆಯುತ್ತದೆ ಎಂದು ಅವಳು ಹೇಳುತ್ತಾಳೆ. ಮುಕ್ತಾಯದ ಸಾಲಿನಲ್ಲಿ ಇನ್ನೊಂದೇ ಪದ ಬಾಕಿಯಿದ್ದಾಗ ಹಿಗ್ಗಿನ್ಸ್ ಅಡ್ಡಬಂದು, ‘ಯು ಡಿಡ್ ಇಟ್’ನ ಧಾಟಿಯಲ್ಲಿ ಇದೆಲ್ಲ ತನ್ನದೇ ಸಾಧನೆ ಎಂದು ಬೀಗುತ್ತಾನೆ. ರಾಗ ಇಳಿದು ನಿಲ್ಲಬೇಕಾದ ಸ್ವರಕ್ಕೆ ಕಿವಿ ಕಾಯುತ್ತಿರುವಾಗಲೇ ಅದನ್ನು ಅವಳ ಬಾಯಿಂದ ಕಸಿದುಕೊಂಡಾಗಿರುತ್ತದೆ. ‘ಯು ಡಿಡ್ ಇಟ್’ನಲ್ಲಿ ಕಣ್ಣಿಗೆ ಮಾತ್ರ ಕಂಡಿದ್ದ ಅನ್ಯಾಯವನ್ನು ಲೋವ್ ಇಲ್ಲಿ ಸಂಗೀತದೊಳಗೇ ಬರೆದಿಟ್ಟಿದ್ದಾರೆ, ಮತ್ತು ಅದು ನಗೆ ತರಿಸುವಾಗಲೇ ಸಿಟ್ಟನ್ನೂ ತರಿಸುತ್ತದೆ.