ಘಾಟಿಯ ನಿಧಾನ

ಸಕಲೇಶಪುರ ದಾಟಿತೆಂದರೆ ಮಂಗಳೂರಿನ ಹಗಲು ರೈಲಿನ ನಡಿಗೆಯೇ ಬೇರೆ. ಅಲ್ಲಿಯವರೆಗೆ ಓಡುತ್ತಿದ್ದ ಗಾಡಿ, ತುಂಬಿದ ಕೊಡ ಹೊತ್ತವಳಂತೆ ಹೆಜ್ಜೆ ನೋಡಿಕೊಂಡು ಇಳಿಯುತ್ತದೆ. ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಕಡಿದಾದ ಕಡೆ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬರುವವರೆಗೆ ವರ್ಷಗಟ್ಟಲೆ ನಿಂತಿದ್ದ ಪ್ರಯಾಣಿಕರ ಗಾಡಿ ಮತ್ತೆ ಘಾಟಿಗಿಳಿದದ್ದು 2007ರ ಡಿಸೆಂಬರಿನಲ್ಲಿ.

ನಾನು ಮೊದಲ ಸಲ ಹೋದದ್ದು ಆಷಾಢದಲ್ಲಿ. ಎಡಕುಮೇರಿಯಲ್ಲಿ ಗಾಡಿ ನಿಂತಿತು. ಸುತ್ತ ಬರೀ ಕಾಡು, ಮಳೆ, ಕಿಟಕಿಯೊಳಗೆ ಎರಚಲು. ಎದುರಿನ ಅಜ್ಜಿ ಚಕ್ಕುಲಿ ಡಬ್ಬಿ ಬಿಚ್ಚಿ ಸುತ್ತಲಿನವರಿಗೆಲ್ಲ ಹಂಚಿದರು. ಸುರಂಗ ಬಂದಾಗಲೆಲ್ಲ ಮಕ್ಕಳು ಕೂಗುತ್ತಿದ್ದರು. ಆರೇಳು ಸುರಂಗ ಕಳೆಯುವಷ್ಟರಲ್ಲಿ ದೊಡ್ಡವರೂ ದನಿಗೂಡಿಸಿದ್ದರು.

ಮಾತುಮಾತಿಗೆ ಗಡಿಯಾರ ನೋಡುತ್ತಿದ್ದವನು ನಾನು. ಅಷ್ಟರಲ್ಲಿ ಕಂಬಳಿ ಕೊಪ್ಪೆ ಹೊದ್ದು ಹಳಿಯ ಪಕ್ಕ ನಿಂತಿದ್ದ ಗ್ಯಾಂಗ್‌ಮನ್ ಒಬ್ಬ ಕಣ್ಣಿಗೆ ಬಿದ್ದ. ಗುಡ್ಡ ಜರಿದಿದೆಯೇ, ಕಲ್ಲು ಉರುಳಿದೆಯೇ ಎಂದು ಆ ಮಳೆಯಲ್ಲೇ ನಡೆದು ನೋಡಿದವನು. ನಾನು ತಡವೆಂದು ಗೊಣಗುತ್ತಿದ್ದುದು ಅವನ ಎಚ್ಚರವಾಗಿತ್ತು. ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಬೇಗ ತಲುಪಿದ್ದೇನೆ. ದಾರಿಯ ನೆನಪು ಮಾತ್ರ ಒಂದೂ ಉಳಿದಿಲ್ಲ.